ಹೋಲಿಕೆಯ ಊರು

ತೊಂಬತ್ತೆಂಟರಲ್ಲಿ ನಮ್ಮ ಮಲೇರಿಯಾ ಸಂಶೋಧನೆಯ ತಂಡ ಹಡಗಲಿಗೆ ಬಂದು ಬಾಡಿಗೆ ಮನೆ ಹಿಡಿದ ಮೇಲೆ ಮೊದಲು ಮಾಡಿದ ಕೆಲಸ ಎರಡು ಊರು ಆರಿಸಿದ್ದು. ಒಂದು ಕೆಂಚಾಪುರ, ಇನ್ನೊಂದು ಹಳೇಕುಂಟಿ. ನಡುವೆ ಒಂದು ಹಳ್ಳ. ಎರಡೂ ಕಡೆ ಅದೇ ಜೋಳ, ಅದೇ ಶೇಂಗಾ, ಅದೇ ಕಲ್ಲು ಕಟ್ಟಿದ ಬಾವಿಗಳು, ಮಳೆಗಾಲ ಇಳಿಯುವ ಹೊತ್ತಿಗೆ ಅದೇ ಚಳಿಜ್ವರ. ಇಷ್ಟು ಒಂದೇ ಥರದ ಎರಡು ಊರು ಸಿಕ್ಕಿದ್ದಕ್ಕೆ ನಮ್ಮ ಡಾಕ್ಟರ್ ಗುರುಸಂಗಪ್ಪ ಗಂಡು ಹೆಣ್ಣು ಕುದುರಿಸಿದವರಂತೆ ಹಿಗ್ಗಿದ್ದರು. ಆ ಎರಡು ಊರುಗಳ ನಡುವೆ ನಿಜವಾದ ಮದುವೆಗಳೇ ಅಜ್ಜ ಮುತ್ತಜ್ಜನ ಕಾಲದಿಂದ ನಡೆಯುತ್ತ ಬಂದಿವೆ ಅನ್ನುವುದನ್ನು ನಮ್ಮಲ್ಲಿ ಯಾರೂ ವಿಚಾರಿಸಲಿಲ್ಲ. ರಕ್ತ ತೆಗೆದೆವು, ಬಾವಿ ಅಳೆದೆವು, ನೆಂಟಸ್ತನ ಕೇಳಲಿಲ್ಲ.

ನಾನು ಭೀಮರಾಜ, ಕೂಡ್ಲಿಗಿಯವನು. ತಂಡದಲ್ಲಿ ನನ್ನ ಕೆಲಸ ರಕ್ತ ನೋಡುವುದು. ಜ್ವರ ಬಂದವರ ಬೆರಳು ಚುಚ್ಚಿ, ಒಂದು ಹನಿಯನ್ನು ಗಾಜಿನ ಪಟ್ಟಿಗೆ ಸವರಿ, ಸೂಕ್ಷ್ಮದರ್ಶಕದಲ್ಲಿ ಮಲೇರಿಯಾದ ಕ್ರಿಮಿ ಹುಡುಕಬೇಕು. ನನ್ನ ಬಾಯಿ ಸ್ವಲ್ಪ ಒರಟು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೂ ಹೇಳುತ್ತಾರೆ, ಕಚೇರಿಯವರೂ ಹೇಳುತ್ತಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ಕತೆಯಲ್ಲಿ ನನಗೆ ಯಾರ ಮೇಲೆ ಸಿಟ್ಟಿದೆ ಎಂದು ಕೇಳಿದರೆ ನನಗೇ ಸರಿಯಾಗಿ ಹೇಳಲು ಬರುವುದಿಲ್ಲ.

ಸಂಶೋಧನೆ ಸರಳವಾಗಿತ್ತು. ಗಪ್ಪಿ ಎಂಬ ಸಣ್ಣ ಮೀನಿದೆ, ಕಿರುಬೆರಳಿನ ಅರ್ಧದಷ್ಟಿರುತ್ತದೆ. ಬಾವಿಗೆ ಬಿಟ್ಟರೆ ಸೊಳ್ಳೆಯ ಮರಿಗಳನ್ನು ನೀರಿನಲ್ಲೇ ನುಂಗಿ ಹಾಕುತ್ತದೆ. ಕೆಂಚಾಪುರದ ಬಾವಿಗಳಿಗೆಲ್ಲ ಈ ಮೀನು ಬಿಡಬೇಕು, ಹಳೇಕುಂಟಿಯ ಬಾವಿಗಳಿಗೆ ಬಿಡಬಾರದು. ಜ್ವರಕ್ಕೆ ಗುಳಿಗೆ ಎರಡೂ ಊರಿಗೆ ಒಂದೇ. ಎರಡು ವರ್ಷ ಎರಡೂ ಊರಿನ ಜ್ವರ ನೋಡಿ, ಮೀನಿನಿಂದ ಎಷ್ಟು ಕಡಿಮೆಯಾಯಿತು ಎಂದು ತೋರಿಸಬೇಕು. ತೋರಿಸಿದರೆ ತಾಲೂಕಿನ ಎಲ್ಲ ಬಾವಿಗಳಿಗೂ ಮೀನು. ನಮ್ಮ ಕಾಗದಗಳಲ್ಲಿ ಹಳೇಕುಂಟಿಯ ಹೆಸರು ಹೋಲಿಕೆಯ ಊರು.

ಕೆಂಚಾಪುರದಲ್ಲಿ ಮೀನು ಸಾಕುವ ತೊಟ್ಟಿ ನೋಡಿಕೊಳ್ಳಲು ಅದೇ ಊರಿನ ಅಂಜಿನಕ್ಕನನ್ನು ಇಟ್ಟುಕೊಂಡೆವು. ಗಂಡ ಸತ್ತು ಬಹಳ ಕಾಲವಾಗಿತ್ತು. ಗಟ್ಟಿ ಆಳು, ಗಟ್ಟಿ ದನಿ. ಮೀನುಗಳನ್ನು "ನಮ್ಮ ಪಡ್ಡೆ ಹುಡುಗ್ರು" ಅನ್ನುತ್ತಿದ್ದಳು, ನನ್ನನ್ನು "ರಗತ ಹೀರೋ ಭೀಮಣ್ಣ" ಅನ್ನುತ್ತಿದ್ದಳು. ಒಬ್ಬಳೇ ಮಗಳು ಯಶೋಧಾ, ಹಳ್ಳದ ಆಚೆ ಹಳೇಕುಂಟಿಯ ಹುಲುಗಣ್ಣನಿಗೆ ಕೊಟ್ಟದ್ದು. ನಾವು ಬರುವ ಹಿಂದಿನ ವರ್ಷ ಆ ಹುಡುಗಿಗೆ ಬಸಿರಿನಲ್ಲಿ ಚಳಿಜ್ವರ ಬಂದು ಕೂಸು ಹೊಟ್ಟೆಯಲ್ಲೇ ಹೋಗಿತ್ತು.

ಮೊದಲ ದಿನವೇ ಅಂಜಿನಕ್ಕ ಡಾಕ್ಟರನ್ನು ಕೇಳಿದಳು.

"ಸಾಹೇಬ್ರ, ಹಳ್ಳದ ಆಚಿಗೂ ನಾಕು ಮೀನು ಬಿಟ್ರ ಏನಾಗ್ತೈತ್ರಿ?"

ಡಾಕ್ಟರು ಕೊಟ್ಟೂರು ಕಡೆಯವರು, ಓದಿದ್ದು ಎಲ್ಲೇ ಇರಲಿ, ಊರವರ ಜತೆ ಊರ ಮಾತನ್ನೇ ಆಡುತ್ತಿದ್ದರು. "ತಕ್ಕಡಿಗೆ ಎರಡು ತಟ್ಟಿ ಬೇಕಲ್ಲವ್ವ? ಎರಡ್ರಾಗೂ ಮೀನು ಹಾಕಿದ್ರ ಮೀನಿನ ತೂಕ ಹೆಂಗ ಗೊತ್ತಾಗ್ತೈತಿ? ತಿಳೀತೇನು?"

"ತಿಳೀತ್ರಿ," ಅಂದಳು ಅಂಜಿನಕ್ಕ.

ಅವಳಿಗೆ ನಿಜವಾಗಿಯೂ ತಿಳಿದಿತ್ತು. ತಿಳಿದವರು ಒಪ್ಪಲೇಬೇಕು ಎಂದು ನಾವು ಅಂದುಕೊಂಡದ್ದು ನಮ್ಮ ಪೆದ್ದತನ.

ಮೊದಲ ವರ್ಷ ಡಾಕ್ಟರು ನೆಲದ ಮೇಲೆ ನಡೆಯಲಿಲ್ಲ. ಕೆಂಚಾಪುರದಲ್ಲಿ ಜ್ವರ ಇಳಿದಿತ್ತು, ಹಳೇಕುಂಟಿಯಲ್ಲಿ ಎಂದಿನಂತೆ ಮನೆಮನೆಯಲ್ಲೂ ಕಂಬಳಿ ಹೊದ್ದು ಮಲಗಿದ್ದರು. ಎರಡನೆಯ ವರ್ಷ ಹಳೇಕುಂಟಿಯಿಂದ ಬಂದ ರಕ್ತದ ಪಟ್ಟಿಗಳನ್ನು ನೋಡುತ್ತ ನೋಡುತ್ತ ನನಗೆ ಕಣ್ಣು ಕೆಟ್ಟಿತೇನೋ ಅನ್ನಿಸಿತು. ಕ್ರಿಮಿ ಸಿಗುತ್ತಿಲ್ಲ. ಮಳೆಗಾಲ ಮುಗಿದರೂ ಸಿಗಲಿಲ್ಲ. ಎರಡೂ ಊರು ಸಮವಾಗಿ ನಿಂತವು. ಜನ ಚೆನ್ನಾಗಿದ್ದಾರೆ ಎಂದು ನಾವು ಖುಷಿಪಡಬೇಕಿತ್ತು. ಡಾಕ್ಟರು ಮಾತ್ರ ಮನೆಯಲ್ಲಿ ಸಾವಾದವರಂತೆ ಕೂತರು. ಮೀನಿಲ್ಲದ ಊರಿನಲ್ಲೂ ಜ್ವರ ಇಳಿದಿದೆ, ಅಂದರೆ ಮೀನಿನಿಂದ ಏನೂ ಆಗಿಲ್ಲ, ಮೊದಲ ವರ್ಷದ್ದು ಅಕಸ್ಮಾತ್ತು ಎಂದು ಮೇಲಿನವರು ಫೋನಿನಲ್ಲಿ ತೀರ್ಮಾನ ಹೇಳಿದರು. ಕಚೇರಿ ಮುಚ್ಚಿಕೊಂಡು ಬನ್ನಿ ಎಂದೂ ಹೇಳಿದರು.

ನಾನು ಆ ಮಾತು ನಂಬಲಿಲ್ಲ. ಮಾರನೆಯ ದಿನ ಒಬ್ಬನೇ ಹಳೇಕುಂಟಿಗೆ ಹೋಗಿ, ಮೀನು ಬಿಡದ ಊರೆಂದು ಮೊದಲು ಅಳೆದ ಮೇಲೆ ನಾವ್ಯಾರೂ ಇಣುಕದ ಊರ ಬಾವಿಗೆ ಇಳಿದೆ. ಅಂಥ ಬಾವಿಯ ಮೆಟ್ಟಿಲು ತುಳಿಯಲು ನಮ್ಮಪ್ಪನಿಗೆ ಯಾರೂ ಬಿಡುತ್ತಿರಲಿಲ್ಲ. ನನ್ನ ಕೈಯಲ್ಲಿ ಸೊಳ್ಳೆಮರಿ ಮೊಗೆದು ನೋಡುವ ಸರ್ಕಾರದ ಸೌಟಿತ್ತು, ಹಾಗಾಗಿ ಯಾರೂ ಕೆಮ್ಮಲಿಲ್ಲ. ನೀರು ಮೊಗೆದು ನೋಡಿದರೆ ಸೌಟಿನ ತುಂಬ ಗಪ್ಪಿ. ಕಲ್ಲಿನ ಸಂದಿಗಳಲ್ಲಿ, ಪಾಚಿಯ ಕೆಳಗೆ, ಎಲ್ಲಿ ನೋಡಿದರೂ ಗಪ್ಪಿ.

ಯಶೋಧಾಳ ಅತ್ತೆ ಗಾದೆಮ್ಮ ಮೇಲೆ ನೀರು ಸೇದುತ್ತಿದ್ದಳು. "ಈ ಮೀನು ಎಲ್ಲಿಂದ ಬಂದ್ವಬೇ?" ಎಂದು ಕೂಗಿದೆ.

"ಅವು ಬುತ್ತಿ ಮೀನಪಾ," ಅಂದಳು. "ನಿಮ್ಮವಲ್ಲ ಬಿಡು, ನಮ್ಮ ಸೊಸೆದೇರ ತವರಿನವು."

ನಮ್ಮ ಕಡೆ ಮಗಳು ಬಸಿರಾದರೆ ತಾಯಿ ಬಯಕೆಯ ಬುತ್ತಿ ಕಟ್ಟಿಕೊಂಡು ಬೀಗರ ಮನೆಗೆ ಹೋಗುತ್ತಾಳೆ. ರೊಟ್ಟಿ, ಹೋಳಿಗೆ, ಕಲಸಿದ ಮೊಸರನ್ನ, ಪಲ್ಯ, ಚಟ್ನಿಪುಡಿ, ಮಗಳ ನಾಲಿಗೆ ಬೇಡಿದ್ದೆಲ್ಲ. ಯಶೋಧಾ ಎರಡನೆಯ ಸಲ ಬಸಿರಾದಾಗ ಅಂಜಿನಕ್ಕ ಆ ಬುತ್ತಿಯ ಜತೆ ಒಂದು ತಂಬಿಗೆ ನೀರಿನಲ್ಲಿ ತೊಟ್ಟಿಯ ಮೀನು ಒಯ್ದು ಬೀಗರ ಬಾವಿಗೆ ಬಿಟ್ಟಳು. ಅವಳನ್ನು ನೋಡಿ ಕೆಂಚಾಪುರದ ಮಿಕ್ಕ ತಾಯಂದಿರೂ ಒಯ್ದರು. ಯಶೋಧಾ ಆ ವರ್ಷ ಜ್ವರವಿಲ್ಲದೆ ದಿನ ತುಂಬಿ ಹೆಣ್ಣು ಕೂಸು ಹೆತ್ತಳು. ಆಮೇಲೆ ಕೇಳಬೇಕೆ, ಮೀನಿಲ್ಲದ ಬುತ್ತಿ ಬುತ್ತಿಯೇ ಅಲ್ಲ ಅನ್ನುವಷ್ಟಾಯಿತು. ನಮ್ಮ ಎರಡು ತಟ್ಟೆಯ ತಕ್ಕಡಿಯನ್ನು ಹೆಂಗಸರು ತಲೆಯ ಮೇಲಿನ ಬುತ್ತಿಯಲ್ಲೇ ಸರಿದೂಗಿಸಿಬಿಟ್ಟಿದ್ದರು.

ಕಂಡದ್ದನ್ನು ಕಂಡ ಹಾಗೆ ಡಾಕ್ಟರಿಗೆ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ಮುಖ ಮುಚ್ಚಿಕೊಂಡರು. ಮೀನು ಗೆದ್ದಿತ್ತು, ಎರಡೂ ಊರಲ್ಲಿ ಗೆದ್ದಿತ್ತು, ಆದರೆ ಗೆದ್ದದ್ದನ್ನು ತೋರಿಸಲು ಸೋತ ಊರೊಂದು ಉಳಿದಿರಲಿಲ್ಲ. ಅಂಜಿನಕ್ಕನನ್ನು ಕರೆಸಿದರು.

"ಮಗಳಿಗೆ ಬುತ್ತಿ ಒಯ್ಯೋದು ತಪ್ಪೇನ್ರಿ?" ಅಂದಳು ಅವಳು. ತಲೆ ತಗ್ಗಿಸಲಿಲ್ಲ.

"ತಪ್ಪಲ್ಲವ್ವ. ಆದ್ರ ಹಿಂಗ ಬಿಟ್ರ ಕಚೇರಿ ಮುಚ್ಚತಾರ. ತೊಟ್ಟಿ ಹೋಗ್ತೈತಿ. ಬ್ಯಾಸಿಗ್ಯಾಗ ನಿಮ್ಮ ಬಾವಿ ಬತ್ತಿದಾಗ ಮೀನು ಸಾಯ್ತಾವ. ಮುಂದ ಯಾರು ತಂದು ಬಿಡ್ತಾರ?"

ಅಂಜಿನಕ್ಕ ಇದನ್ನು ಯೋಚಿಸಿರಲಿಲ್ಲ. ಪ್ರತಿ ಬೇಸಿಗೆಯಲ್ಲೂ ಬಾವಿಗಳು ತಳ ಕಾಣುತ್ತಿದ್ದವು, ಮಳೆ ಬಿದ್ದ ಮೇಲೆ ತೊಟ್ಟಿಯಿಂದ ಮತ್ತೆ ಮೀನು ಬಿಡುತ್ತಿದ್ದವಳು ಅವಳೇ.

ಡಾಕ್ಟರು ಮೇಲಿನವರ ಕಾಲು ಕೈ ಹಿಡಿದು ಒಂದು ವರ್ಷ ಹೆಚ್ಚಿಗೆ ಕೇಳಿಕೊಂಡಿದ್ದರು. ಸಿಕ್ಕಿತ್ತು, ಆದರೆ ಒಂದು ಷರತ್ತಿನ ಮೇಲೆ. ಹಳೇಕುಂಟಿಯ ಬಾವಿಗಳಿಂದ ಮೀನು ಪೂರ್ತಿ ತೆಗೆಯಬೇಕು. ಹೋಲಿಕೆಯ ಊರು ಮತ್ತೆ ಹೋಲಿಕೆಯ ಊರಾಗಬೇಕು. ಮೀನು ಎಲ್ಲೆಲ್ಲಿ ಅಡಗುತ್ತದೆ ಎಂದು ಗೊತ್ತಿದ್ದದ್ದು ಅಂಜಿನಕ್ಕನಿಗೆ, ಆ ಕೆಲಸ ಅವಳೇ ಮಾಡಬೇಕು.

"ನನ್ನ ಕೈಲೇ ತಗಿ ಅಂತೀರಾ?"

"ಒಂದು ವರ್ಷ ಅಂಜಿನಕ್ಕಾ. ಆಮ್ಯಾಲ ಇಡೀ ತಾಲೂಕಿಗೆ ಮೀನು."

"ಹುಲುಗಣ್ಣನ ಹಿತ್ತಲ ಬಾವಿ ಒಂದು ಬಿಟ್ಟುಬಿಡ್ರಿ ಸಾಹೇಬ್ರ. ಒಂದು ಬಾವ್ಯಾಗ ಏನೈತಿ?"

"ಒಂದು ಬಿಟ್ರ ಎಲ್ರೂ ಒಂದೊಂದು ಬಿಡು ಅಂತಾರ. ಬರಾಂಗಿಲ್ಲವ್ವ. ಬಸುರಿ ಹೆಣ್ಮಕ್ಳಿಗೆ ವಾರಾ ವಾರಾ ಗುಳಿಗಿ ನಾನ ಮುಂದ ನಿಂತು ಕೊಡಸ್ತೀನಿ. ನಿನ್ನ ಮಗಳನ್ನ ನನ್ನ ಮಗಳಂಗ ನೋಡ್ಕಂತೀನಿ."

ನಾನು ಅಲ್ಲೇ ಇದ್ದೆ. ಡಾಕ್ಟರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಸಂಶೋಧನೆ ನಿಂತರೆ ಎರಡೂ ಊರು ಕೆಡುತ್ತಿದ್ದವು, ನಡೆದರೆ ಒಂದು ಊರು ಒಂದು ವರ್ಷ ಜ್ವರ ತಿನ್ನುತ್ತಿತ್ತು. ಇವತ್ತಿಗೂ ಆ ಮಾತಿನಲ್ಲಿ ತಪ್ಪು ಸಿಕ್ಕಿಲ್ಲ. ನನ್ನ ಸಿಟ್ಟೆಲ್ಲ ಅದರ ಮೇಲೆಯೇ.

ಅಂಜಿನಕ್ಕ "ಹೂಂ" ಅಂದಳು.

ಬೇಸಿಗೆಯಲ್ಲಿ ನೀರು ತಳ ಹಿಡಿದಾಗ, ಸಂದಿಯಲ್ಲಿ ಒಂದು ಮೀನೂ ಉಳಿಯಬಾರದೆಂದು ಹಳೇಕುಂಟಿಗೆ ಡೀಸೆಲ್ ಪಂಪು ತಂದೆವು. ಡಾಕ್ಟರು ಊರ ಕಟ್ಟೆಯ ಮೇಲೆ ಎಲ್ಲರನ್ನೂ ಕೂಡಿಸಿ ವಿಷಯ ಹೇಳಿದ್ದರು. ಗಂಡಸರ ಕಿವಿಗೆ ಬಿದ್ದದ್ದು ಬಾವಿ ಖಾಲಿ ಮಾಡುತ್ತಾರೆ ಅನ್ನುವುದೊಂದೇ. ಹೂಳು ಎತ್ತಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಾಲ ಬಾರದೆಂದು ಹಾರೆ ಬುಟ್ಟಿ ಹಿಡಿದುಕೊಂಡು ಅವರಾಗಿಯೇ ಬಂದರು. ಗಾದೆಮ್ಮ ನಮಗೆಲ್ಲ ಮಜ್ಜಿಗೆ ಕೊಟ್ಟಳು. ಅಂಥ ಕೆಲಸಕ್ಕೆ ಬಂದು ಅಷ್ಟು ಉಪಚಾರ ಮಾಡಿಸಿಕೊಂಡ ನಾನು ಲೋಟ ತೊಳೆದಿಟ್ಟು ಪಂಪಿನ ಹತ್ತಿರ ಹೋದೆ.

ಅಂಜಿನಕ್ಕ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದದ ರಾಡಿಯಲ್ಲಿ ನಿಂತು ಬಟ್ಟೆಯ ಬಲೆಯಲ್ಲಿ ಮೀನು ಗೋರುತ್ತಿದ್ದಳು. ಮೇಲೆ ಯಶೋಧಾ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಗ್ಗಿ ನೋಡುತ್ತಿದ್ದಳು. ಹಲ್ಲು ಸ್ವಲ್ಪ ಮುಂದಿದ್ದ, ಸದಾ ನಗುವ ಹುಡುಗಿ.

"ಯವ್ವಾ, ತಂದಾಕಿನೂ ನೀನ, ಒಯ್ಯಾಕಿನೂ ನೀನ! ಕೊಟ್ಟದ್ದು ಕಸಗೊಂಡು ಹೊಂಟೀಯಲ್ಲ!"

"ಬಾಯಿ ಮುಚ್ಚಿಕೊಂಡು ಗುಳಿಗಿ ನುಂಗಲೇ ನೀನು," ಅಂದಳು ತಾಯಿ. ಕೆಲಸ ಮಾತ್ರ ಬಿಡಲಿಲ್ಲ. ಹಿತ್ತಲ ಬಾವಿಯನ್ನೂ ಬಿಡಲಿಲ್ಲ. ಒಪ್ಪಿಕೊಂಡ ಮೇಲೆ ಅರ್ಧ ಮಾಡುವ ಹೆಂಗಸಲ್ಲ ಅವಳು.

ಆ ಹೊತ್ತಿಗಾಗಲೇ ಯಶೋಧಾ ಮತ್ತೆ ಬಸಿರಾಗಿದ್ದಳು. ಮಳೆ ಹಿಡಿದ ಮೇಲೆ, ಐದನೆಯ ತಿಂಗಳಿಗೆ, ಅಂಜಿನಕ್ಕ ಬುತ್ತಿ ಹೊತ್ತು ಹೊರಟಳು. ಬುತ್ತಿ ಒಯ್ಯುವವರ ಪಾತ್ರೆ ನೋಡಿಯೇ ಹಳ್ಳ ದಾಟಿಸಬೇಕೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಅವತ್ತು ಹಳ್ಳದ ದಂಡೆಯಲ್ಲಿ ನಾನಿದ್ದೆ. ಅಂಜಿನಕ್ಕನನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಅವಳೇ ಬುಟ್ಟಿ ಇಳಿಸಿ ಒಂದೊಂದೇ ಗಂಟು ಬಿಚ್ಚಿದಳು.

"ನೋಡ್ಕೋ ಭೀಮಣ್ಣ. ರೊಟ್ಟಿ. ಹೋಳಿಗಿ. ಇದು ಮೊಸರು ಬುತ್ತಿ, ಬೇಕಾದ್ರ ಬೆರಳು ಅದ್ದಿ ನೋಡು. ನೀರು ಒಂದು ಹನಿ ಇಲ್ಲ."

"ಕಟ್ಟಿಕೋ ಯಕ್ಕಾ," ಅಂದೆ. ನಾಚಿಕೆಯಾಗಿ ಅವಳ ಮುಖ ನೋಡಲಿಲ್ಲ.

ಮಗಳನ್ನು ಅವತ್ತೇ ಕೆಂಚಾಪುರಕ್ಕೆ ಕರೆದೊಯ್ಯುತ್ತೇನೆ ಎಂದು ಅಂಜಿನಕ್ಕ ಬೀಗರ ಮನೆಯಲ್ಲಿ ಕೇಳಿದಳಂತೆ. ಐದರಲ್ಲಿ ಬುತ್ತಿ, ಏಳರಲ್ಲಿ ತವರು, ಅದು ಪದ್ಧತಿ ಎಂದು ಗಾದೆಮ್ಮ ಒಪ್ಪಲಿಲ್ಲ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವಳ ಅತ್ತೆ ಅವಳಿಗೆ ಹಾಗೇ ಮಾಡಿದ್ದಳು, ಅವಳು ಸೊಸೆಗೆ ಹಾಗೇ ಮಾಡಿದಳು.

ಆ ವರ್ಷ ಮಳೆ ಒಳ್ಳೆಯದಾಯಿತು. ಬಾವಿ ತುಂಬಿದವು, ಸೊಳ್ಳೆಯೂ ತುಂಬಿತು. ಹಳೇಕುಂಟಿಯ ರಕ್ತದ ಪಟ್ಟಿಗಳು ನನ್ನ ಮೇಜಿನ ಮೇಲೆ ಗುಡ್ಡೆ ಬಿದ್ದವು, ನೋಡಿದ್ದರಲ್ಲೆಲ್ಲ ಕ್ರಿಮಿ. ಅದರಲ್ಲೂ ಸಣ್ಣ ಉಂಗುರದಂಥದ್ದು, ಮಿದುಳಿಗೆ ಏರುವ ಜಾತಿಯದು. ಡಾಕ್ಟರು ಊಟ ಬಿಟ್ಟು ಮನೆಮನೆ ತಿರುಗಿ ಗುಳಿಗೆ ನುಂಗಿಸಿದರು. ಆ ಮನುಷ್ಯ ಕೊಟ್ಟ ಮಾತಿಗೆ ತಪ್ಪಲಿಲ್ಲ, ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಯಶೋಧಾ ವಾರ ತಪ್ಪದೆ ಗುಳಿಗೆ ತಗೊಂಡಳು. ಆದರೆ ಆ ಸಲ ಬಂದ ಕ್ರಿಮಿ ಆ ಗುಳಿಗೆಗೆ ಬಗ್ಗುವಂಥದ್ದಾಗಿರಲಿಲ್ಲ. ಅದು ನಮಗೆ ತಿಳಿಯುವ ಹೊತ್ತಿಗೆ ಅವಳಿಗೆ ಆರು ತುಂಬಿತ್ತು.

ಅವಳ ಜ್ವರದ ಸುದ್ದಿ ಬಂದ ಬೆಳಿಗ್ಗೆ ನಾನೇ ಹೋಗಿ ಬೆರಳು ಚುಚ್ಚಿದೆ. ಬೆರಳು ಬೆಳ್ಳಗಿತ್ತು, ಹಿಂಡಿದರೆ ರಕ್ತ ಬರುತ್ತಿರಲಿಲ್ಲ. "ಎಷ್ಟು ಸಲ ಹೀರ್ತೀ ಅಣ್ಣ," ಎಂದು ನಗಲು ನೋಡಿದಳು. ಹಡಗಲಿಗೆ ಓಡಿ ಬಂದು ನೋಡಿದರೆ ಪಟ್ಟಿಯ ತುಂಬ ಉಂಗುರ. ಅಷ್ಟು ಕ್ರಿಮಿಯನ್ನು ಒಬ್ಬರ ರಕ್ತದಲ್ಲಿ ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಜೀಪು ತೆಗೆದುಕೊಂಡು ವಾಪಸು ಹೋಗುವಷ್ಟರಲ್ಲಿ ಅವಳಿಗೆ ಮಾತು ನಿಂತಿತ್ತು.

ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಹೊರಟೆವು. ಡಾಕ್ಟರು ಹಿಂದಿನ ಸೀಟಿನಲ್ಲಿ ಸಲೈನ್ ಬಾಟಲಿ ಎತ್ತಿ ಹಿಡಿದು ಕೂತಿದ್ದರು. ಅಂಜಿನಕ್ಕ ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅವಳ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ರಸ್ತೆಯ ಗುಂಡಿಗೆ ಜೀಪು ಕುಪ್ಪಳಿಸಿದಾಗಲೆಲ್ಲ ಹುಲುಗಣ್ಣ ಡ್ರೈವರನ್ನು ಬೈಯುತ್ತಿದ್ದ. ಹರಪನಹಳ್ಳಿ ಇನ್ನೂ ದೂರವಿದ್ದಾಗ ಯಶೋಧಾ ಸೆಟೆದುಕೊಂಡಳು, ಆಮೇಲೆ ಸಡಿಲವಾದಳು. ಡಾಕ್ಟರು ನಾಡಿ ಹಿಡಿದು ನೋಡಿ ಬಾಟಲಿಯನ್ನು ಕೆಳಗಿಟ್ಟರು. ಡ್ರೈವರು ಜೀಪು ತಿರುಗಿಸಿದ. ನಾನು ಮುಂದಿನ ಸೀಟಿನಲ್ಲಿ ಕೂತು ಕೂಸಿನ ಹಾಗೆ ಅತ್ತೆ.

ವರ್ಷ ಮುಗಿದಾಗ ಫಲಿತಾಂಶ ಬೆಳಕಿನಂತೆ ಸ್ಪಷ್ಟವಾಗಿತ್ತು. ಕೆಂಚಾಪುರದಲ್ಲಿ ಜ್ವರ ಇಲ್ಲವೇ ಇಲ್ಲ ಅನ್ನುವಷ್ಟು, ಹಳೇಕುಂಟಿಯಲ್ಲಿ ಮನೆಗೊಬ್ಬರು ಇಬ್ಬರು. ಮೇಲಿನವರು ಒಪ್ಪಿದರು. ತಾಲೂಕಿನ ಬಾವಿಗಳಿಗೆ ಮೀನು ಬಿಡಲು ಅಪ್ಪಣೆ ಬಂತು, ಮೊದಲು ಹಳೇಕುಂಟಿಗೇ ಬಿಡಬೇಕೆಂದು ಡಾಕ್ಟರು ಹಟ ಹಿಡಿದರು. ಅಲ್ಲಿನ ಕಟ್ಟೆಯ ಮೇಲೆ ಮಾತಾಡಲು ನಿಂತು, "ಈ ಊರು ಒಂದು ವರ್ಷ ಜ್ವರ ತಡಕೊಂಡಿದ್ದಕ್ಕ ಇವತ್ತು ಎಲ್ರಿಗೂ ಮೀನು ಬಂದಾವ," ಅಂದರು. ಅಷ್ಟೇ ಹೇಳಿ ಕೂತುಬಿಟ್ಟರು.

ಅಂಜಿನಕ್ಕ ಕೆಲಸ ಬಿಟ್ಟಿರಲಿಲ್ಲ. ಯಶೋಧಾಳನ್ನು ಮಣ್ಣು ಮಾಡಿದ ಕೆಲವೇ ದಿನಕ್ಕೆ ತೊಟ್ಟಿಯ ಹತ್ತಿರ ಬಂದಿದ್ದಳು. ನಗೆಮಾತು, ಚಾಷ್ಟಿ ಬಿಟ್ಟಿದ್ದಳು ಅಷ್ಟೆ. ಮಾತಾಡಿಸಲು ಬಂದ ಹೆಂಗಸರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ನನ್ನ ಮಗಳು ಸುಮ್ಮನ ಹೋಗಿಲ್ಲವ್ವ, ತಾಲೂಕಿಗೆಲ್ಲ ಮೀನು ಕೊಟ್ಟು ಹೋಗ್ಯಾಳ." ಆ ಮಾತನ್ನು ಹಿಡಿದುಕೊಂಡೇ ಅವಳು ಉಣ್ಣುತ್ತಿದ್ದಳು, ಮಲಗುತ್ತಿದ್ದಳು ಎಂದು ಈಗ ನನಗೆ ಅರ್ಥವಾಗುತ್ತದೆ.

ಕಟ್ಟೆಯ ಸಭೆ ಮುಗಿದ ಮೇಲೆ ಅವಳೂ ನಾನೂ ಮೀನಿನ ಕೊಡಗಳನ್ನು ತೆಗೆದುಕೊಂಡು ಹುಲುಗಣ್ಣನ ಹಿತ್ತಲಿಗೆ ಬಂದೆವು. ಬಾಗಿಲಲ್ಲಿ ಗಾದೆಮ್ಮ ಮೊಮ್ಮಗಳನ್ನು ಎತ್ತಿಕೊಂಡು ನಿಂತಿದ್ದಳು, ಮುಂದೆ ಬರಲಿಲ್ಲ. ಅಂಜಿನಕ್ಕ ಬಾವಿಯ ಮೆಟ್ಟಿಲಿಳಿದು ಕೊಡವನ್ನು ನೀರಿನ ಅಂಚಿಗಿಟ್ಟಳು. ನಾನು ಎರಡು ಮೆಟ್ಟಿಲು ಮೇಲಿದ್ದೆ.

"ಭೀಮಣ್ಣ, ನಿಮ್ಮ ಲೆಕ್ಕದಾಗ ನಮ್ಮ ಯಶೋಧಾ ಬಂದಾಳಲ್ಲ?"

"ಬಂದಾಳ ಯಕ್ಕಾ. ಆಕಿ ರಗತ ನಾನ ನೋಡೀನಿ."

"ಆಕಿ ಇಲ್ದಿದ್ರ ಸಾಹೇಬ್ರು ಗೆಲ್ತಿದ್ದಿಲ್ಲ, ಹೌದಲ್ಲ?"

ಅವಳು ಲೆಕ್ಕ ಕೇಳುತ್ತಿದ್ದಾಳೆ ಎಂದುಕೊಂಡೆ. ಆ ಲೆಕ್ಕವನ್ನು ಡಾಕ್ಟರ ಜತೆ ಕೂತು ಎಷ್ಟೋ ಸಲ ಹಾಕಿದ್ದೆ. ನಾಲಿಗೆಯ ಮೇಲೇ ಇತ್ತು.

"ಹಂಗೇನಿಲ್ಲ ಯಕ್ಕಾ. ಊರು ತುಂಬ ಜ್ವರ ಇತ್ತಲ್ಲ. ಒಬ್ರು ಕಡಿಮಿ ಆಗಿದ್ರೂ ಫಲಿತಾಂಶ ಇಷ್ಟ ಬರ್ತಿತ್ತು. ಏನೂ ಫರಕು ಬೀಳ್ತಿದ್ದಿಲ್ಲ."

ಅಂಜಿನಕ್ಕ ಕೊಡದ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. ಕೊಡದೊಳಗೆ ಮೀನು ಓಡಾಡುತ್ತಿದ್ದವು. ಅವುಗಳನ್ನೇ ನೋಡುತ್ತ ನಿಧಾನವಾಗಿ ಹೇಳಿದಳು.

"ಹಂಗಾರ ಆಕಿ ಬೇಕಾಗಿದ್ದಿಲ್ಲ."

ನಾನು "ಯಕ್ಕಾ" ಅಂದೆ, ಮತ್ತೂ ಒಂದು ಸಲ ಅಂದೆ. ಅವಳು ಒದ್ದೆ ಮೆಟ್ಟಿಲ ಮೇಲೆ ಕೂತಳು, ತಿರುಗಿ ನೋಡಲಿಲ್ಲ. ಆ ಬಾವಿಗೂ ಉಳಿದ ಬಾವಿಗಳಿಗೂ ಅವತ್ತು ಮೀನು ಬಿಟ್ಟವನು ನಾನು.